ಹಳೇ ಸ್ಪೀಕರ್ ಪೆಟ್ಟಿಗೆಗೆ ಗಿಟಾರಿನ ದನಿ: ಬಿಚ್ಚುವುದರಿಂದ ಬಾರಿಸುವವರೆಗೆ

ಅಟ್ಟದ ಮೇಲೋ ಮಂಚದ ಕೆಳಗೋ ಒಂದು ಹಳೇ ಸ್ಪೀಕರ್ ಬಾಕ್ಸ್ ಧೂಳು ಹಿಡಿದು ಕೂತಿರುತ್ತದೆ. ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದೆ, ಅದರ ಸದ್ದನ್ನು ದೊಡ್ಡದು ಮಾಡುವ ಆಂಪ್ (ಆಂಪ್ಲಿಫೈಯರ್) ಇದೆ. ಎರಡಕ್ಕೂ ಗಂಟು ಹಾಕಿದರೆ ಆಯ್ತಲ್ಲ ಅಂತ ವೈರ್ ಸಿಕ್ಕಿಸುತ್ತೀರಿ. ಕ್ಲೀನ್ ಟೋನ್ ಪರವಾಗಿಲ್ಲ ಅನ್ನಿಸುತ್ತದೆ. ಡಿಸ್ಟಾರ್ಷನ್, ಅಂದರೆ ರಾಕ್ ಸಂಗೀತದ ಆ ಒಡೆದ ದನಿ, ಹಾಕಿದ ಕೂಡಲೇ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಸದ್ದು! ಬಾಕ್ಸ್ ಕೆಟ್ಟಿದೆ ಅಂದುಕೊಂಡು ಮತ್ತೆ ಅಟ್ಟಕ್ಕೇರಿಸುತ್ತೀರಿ.

ಬಾಕ್ಸ್ ಕೆಟ್ಟಿರುವುದಿಲ್ಲ. ಅದರೊಳಗಿನ ಸ್ಪೀಕರ್ ಬೇರೆ ಕೆಲಸಕ್ಕೆ ಹುಟ್ಟಿದ್ದು, ಅಷ್ಟೇ. ಹೆಚ್ಚಿನ ಸಲ ಮರದ ಪೆಟ್ಟಿಗೆಯನ್ನು ಉಳಿಸಿಕೊಂಡು ಒಳಗಿನದನ್ನು ಬದಲಿಸಿದರೆ ಒಳ್ಳೆಯ ಗಿಟಾರ್ ಕ್ಯಾಬಿನೆಟ್ ಸಿಗುತ್ತದೆ. ಕೆಲವು ಸಲ ಮಾತ್ರ ಮುಟ್ಟದೆ ಬಿಡುವುದೇ ಸರಿ. ಅದು ಯಾವಾಗ ಅಂತಲೂ ಹೇಳುತ್ತೇನೆ.

ಮ್ಯೂಸಿಕ್ ಸ್ಪೀಕರ್‌ನಲ್ಲಿ ಗಿಟಾರ್ ಯಾಕೆ ಕೆಡುತ್ತದೆ?

ಸಾಮಾನ್ಯ ಶ್ರುತಿಯಲ್ಲಿ ಗಿಟಾರಿನ ದಪ್ಪ ತಂತಿಯನ್ನು ಬೆರಳಿಡದೆ ಮೀಟಿದರೆ ಸುಮಾರು 82 ಹರ್ಟ್ಸ್. ಸಣ್ಣ ತಂತಿಯ 24ನೇ ಫ್ರೆಟ್ ಒತ್ತಿದರೂ ಸುಮಾರು 1,319 ಹರ್ಟ್ಸ್. ಅದಕ್ಕಿಂತ ಮೇಲಿರುವುದೆಲ್ಲ ಆ ಸ್ವರಗಳ ಜೊತೆಗೇ ಹುಟ್ಟುವ ಎತ್ತರದ ಮರಿಸ್ವರಗಳು, ಅಂದರೆ ಹಾರ್ಮೋನಿಕ್‌ಗಳು. ಡಿಸ್ಟಾರ್ಷನ್ ಈ ಹಾರ್ಮೋನಿಕ್‌ಗಳನ್ನು ರಾಶಿಗಟ್ಟಲೆ ಹುಟ್ಟಿಸುತ್ತದೆ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಸ್ ದಾಟುತ್ತಿದ್ದ ಹಾಗೆ ಕೈಚೆಲ್ಲುತ್ತದೆ. ಅದು ಕೈಚೆಲ್ಲುವುದರಿಂದಲೇ ಚುರುಚುರು ಸದ್ದು ಸೋಸಿಹೋಗಿ ದನಿ ದುಂಡಗಾಗುತ್ತದೆ. ಮ್ಯೂಸಿಕ್ ಸ್ಪೀಕರ್ ಪಾಪ, 20,000 ಹರ್ಟ್ಸ್‌ವರೆಗೂ ಇದ್ದಿದ್ದನ್ನು ಇದ್ದ ಹಾಗೇ ಒಪ್ಪಿಸುತ್ತದೆ. ಪ್ರಾಮಾಣಿಕತೆಯೇ ಇಲ್ಲಿ ಅದರ ದೋಷ.

ಇನ್ನೊಂದು ವ್ಯತ್ಯಾಸ ಜೋರಿನದ್ದು. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಎಷ್ಟು ಕೇಳಿಸುತ್ತದೆ ಅನ್ನುವುದಕ್ಕೆ ಸೆನ್ಸಿಟಿವಿಟಿ ಅನ್ನುತ್ತಾರೆ. ಮನೆಯ ಮ್ಯೂಸಿಕ್ ಸ್ಪೀಕರ್‌ಗಳಲ್ಲಿ ಅದು ಸಾಮಾನ್ಯವಾಗಿ 86ರಿಂದ 90 ಡೆಸಿಬಲ್. ಗಿಟಾರ್ ಸ್ಪೀಕರ್‌ಗಳಲ್ಲಿ 97ರಿಂದ 100. ಹತ್ತು ಡೆಸಿಬಲ್ ಅಂದರೆ ಹತ್ತು ಪಟ್ಟು ಪವರ್. ಅಂದರೆ 15 ವ್ಯಾಟ್ ಆಂಪ್ 97 ಡೆಸಿಬಲ್ ಸ್ಪೀಕರ್‌ನಲ್ಲಿ ಮಾಡುವ ಸದ್ದನ್ನು 87 ಡೆಸಿಬಲ್ ಸ್ಪೀಕರ್‌ನಲ್ಲಿ ಮಾಡಬೇಕಾದರೆ 150 ವ್ಯಾಟ್ ಬೇಕು. ಮ್ಯೂಸಿಕ್ ಬಾಕ್ಸಿಗೆ ಗಿಟಾರ್ ಹಾಕಿದವರು ವಾಲ್ಯೂಮ್ ತಿರುಗಿಸುತ್ತಾ ತಿರುಗಿಸುತ್ತಾ ಸ್ಪೀಕರ್ ಸುಟ್ಟುಕೊಳ್ಳುವುದು ಇದಕ್ಕೇ.

ಹಂತ 1: ಇರುವುದು ಯಾವ ಪೆಟ್ಟಿಗೆ ಅಂತ ನೋಡಿ

ಸ್ಟೇಜ್ ಮೇಲೆ ಬಳಸುವ ಪಿಎ ಬಾಕ್ಸ್ ಸಿಕ್ಕಿದ್ದರೆ ನೀವು ಅದೃಷ್ಟವಂತರು. ದಪ್ಪ ಪ್ಲೈವುಡ್, 12 ಇಂಚಿನ ತೂತು, ಹಿಡಿ, ಮೂಲೆಗೆ ಕಬ್ಬಿಣದ ಪಟ್ಟಿ ಎಲ್ಲ ಇರುತ್ತದೆ. ಅರ್ಧ ಕೆಲಸ ಮುಗಿದ ಹಾಗೆ.

ಮನೆಯ ಸ್ಟೀರಿಯೋ ಸ್ಪೀಕರ್‌ಗಳು ಹೆಚ್ಚಾಗಿ ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್‌ನವು. ಭಾರ ಜಾಸ್ತಿ, ನೀರು ತಾಗಿದರೆ ಉಬ್ಬುತ್ತವೆ, ಒಂದೇ ಜಾಗಕ್ಕೆ ನಾಲ್ಕು ಸಲ ಸ್ಕ್ರೂ ಹಾಕಿ ತೆಗೆದರೆ ತೂತು ಸವೆಯುತ್ತದೆ. ಆದರೂ ಆಗುತ್ತದೆ. 12 ಇಂಚಿನ ಸ್ಪೀಕರ್ ಕೂರಬೇಕಾದರೆ ಒಳಗಿನ ಅಗಲ ಸುಮಾರು 34 ಸೆಂಟಿಮೀಟರ್, ಆಳ ಕನಿಷ್ಠ 20 ಸೆಂಟಿಮೀಟರ್ ಇರಲಿ. ಉದ್ದಕ್ಕೆ ನಿಲ್ಲುವ ಸಪೂರ ಟವರ್‌ಗಳಲ್ಲಿ ಇಷ್ಟು ಅಗಲ ಇರುವುದಿಲ್ಲ. ಅವಕ್ಕೆ 8 ಅಥವಾ 10 ಇಂಚಿನದು ಸಾಕು. ಟವರನ್ನು ಅಡ್ಡ ಮಲಗಿಸಿ ಎರಡು 8 ಇಂಚಿನವನ್ನು ಹಾಕಿದರೆ ಆಂಪ್ ಅದರ ಮೇಲೆ ಚೆನ್ನಾಗಿ ಕೂರುತ್ತದೆ ಕೂಡ.

ಮೂರನೆಯದು ಹಳೇ ರೇಡಿಯೋಗ್ರಾಮ್ (ರೇಡಿಯೋ, ರೆಕಾರ್ಡ್ ಪ್ಲೇಯರ್ ಎರಡೂ ಸೇರಿದ್ದು), ಎಲೆಕ್ಟ್ರಿಕ್ ಆರ್ಗನ್ ಇಂಥವುಗಳ ಪೆಟ್ಟಿಗೆ. ಇವುಗಳೊಳಗಿನ ಸ್ಪೀಕರನ್ನು ಎಸೆಯುವ ಮೊದಲು ಎರಡು ಸಲ ಯೋಚಿಸಿ. ಆ ಕಾಲದ ವಾಲ್ವ್ (ಟ್ರಾನ್ಸಿಸ್ಟರಿಗಿಂತ ಮೊದಲಿನ ಗಾಜಿನ ಕೊಳವೆ) ಆಂಪ್‌ಗಳಲ್ಲಿ ಪವರ್ ಕಡಿಮೆ ಇತ್ತು. ಹಾಗಾಗಿ ಸ್ಪೀಕರ್ ಕಾಗದದ ಹಗುರ ಕೋನ್ (ಅಲುಗಿ ಸದ್ದು ಮಾಡುವ ಶಂಕು), ಗಟ್ಟಿ ಅಂಚು, ಒಳ್ಳೆ ಸೆನ್ಸಿಟಿವಿಟಿ ಇಟ್ಟುಕೊಂಡು ಬರುತ್ತಿತ್ತು. ಇವೆಲ್ಲ ಗಿಟಾರಿಗೂ ಬೇಕಾದ ಗುಣಗಳೇ. ತಡೆದುಕೊಳ್ಳುವ ಶಕ್ತಿ ಮಾತ್ರ ಕಡಿಮೆ, ಸಣ್ಣ ಪ್ರಾಕ್ಟೀಸ್ ಆಂಪಿಗಷ್ಟೇ ಲಾಯಕ್ಕು. ತುಂಬ ಹಳೆಯ ರೇಡಿಯೋಗಳಲ್ಲಿ ಕಾಯಂ ಅಯಸ್ಕಾಂತದ ಬದಲು ಫೀಲ್ಡ್ ಕಾಯಿಲ್, ಅಂದರೆ ಕರೆಂಟ್ ಹರಿಸಿದಾಗ ಮಾತ್ರ ಅಯಸ್ಕಾಂತವಾಗುವ ತಂತಿಸುರುಳಿ, ಇರುತ್ತದೆ. ಅದಕ್ಕೆ ಬೇರೆಯಾಗಿ ಹೆಚ್ಚಿನ ವೋಲ್ಟೇಜ್ ಕೊಡಬೇಕು. ಅದು ನಮ್ಮ ಕೆಲಸಕ್ಕೆ ಬಾರದು.

ಈಗ ಮುಟ್ಟದೆ ಬಿಡಬೇಕಾದ ಸಂದರ್ಭ. ನೀವು ಡಿಜಿಟಲ್ ಮಾಡೆಲರ್ (ಬೇರೆ ಬೇರೆ ಆಂಪುಗಳ ದನಿ ಅನುಕರಿಸುವ ಯಂತ್ರ) ಬಳಸುವವರಾಗಿದ್ದು, ಅದರಲ್ಲೇ ಗಿಟಾರ್ ಕ್ಯಾಬಿನೆಟ್ಟಿನ ದನಿ ನಕಲು ಮಾಡುವ ಕ್ಯಾಬ್ ಸಿಮ್ಯುಲೇಷನ್ ಇದ್ದರೆ ನಿಮಗೆ ಬೇಕಾದ್ದೇ ಪೂರ್ತಿ ಶ್ರೇಣಿಯ ಸ್ಪೀಕರ್. ಟ್ವೀಟರ್ (ಎತ್ತರದ ಸ್ವರಗಳ ಸಣ್ಣ ಸ್ಪೀಕರ್) ಸಮೇತ ಚೆನ್ನಾಗಿರುವ ಬಾಕ್ಸನ್ನು ಸುಮ್ನೆ ಕೊಯ್ಯಬೇಡಿ, ಹಾಗೇ ಬಳಸಿ.

ಹಂತ 2: ಗರಗಸ ಎತ್ತುವ ಮೊದಲು ಒಂದು ಪರೀಕ್ಷೆ

ಒಳಗಿನ ಸ್ಪೀಕರ್ ಬದುಕಿದೆಯಾ ನೋಡಿ. ಅದರ ತಂತಿಗಳನ್ನು ಬಿಡಿಸಿ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡು ಟರ್ಮಿನಲ್ ಮುಟ್ಟಿಸಿ. 8 ಓಮ್ ಸ್ಪೀಕರ್ ಮೀಟರಿನಲ್ಲಿ 6ರಿಂದ 7 ತೋರಿಸುತ್ತದೆ, 4 ಓಮಿನದು 3ರಿಂದ 3.5, 16 ಓಮಿನದು 12-13ರ ಆಸುಪಾಸು. ಮೀಟರ್ ಅಳೆಯುವುದು ತಂತಿಯ ಡಿಸಿ ರೆಸಿಸ್ಟೆನ್ಸ್, ಸ್ಪೀಕರ್ ಮೇಲೆ ಬರೆದಿರುವುದು ಇಂಪಿಡೆನ್ಸ್, ಅಂದರೆ ಸದ್ದಿನ ಸಿಗ್ನಲ್ಲಿಗೆ ಅದು ಒಡ್ಡುವ ಒಟ್ಟು ತಡೆ. ಅದಕ್ಕೇ ಈ ವ್ಯತ್ಯಾಸ. ಏನೂ ತೋರಿಸದಿದ್ದರೆ ಕೋನನ್ನು ಅಲುಗಿಸುವ ತಂತಿಸುರುಳಿ (ಕಾಯಿಲ್) ಸುಟ್ಟಿದೆ, ಇಲ್ಲವೇ ಎಲ್ಲೋ ತಂತಿ ಕಿತ್ತಿದೆ.

ಆಮೇಲೆ ಕೋನಿನ ಎರಡು ಬದಿಗೆ ಬೆರಳುಗಳನ್ನು ಹರಡಿಟ್ಟು ಹಗುರವಾಗಿ ಒಳಗೆ ಒತ್ತಿ. ಮೆತ್ತಗೆ ಹೋಗಿ ಬಂದರೆ ಸರಿ. ಗರಗರ ಕೆರೆದರೆ ಕಾಯಿಲ್ ಓರೆಯಾಗಿದೆ. ಅಂಚಿನ ಸುತ್ತ ಫೋಮ್ ಇದ್ದರೆ ಅದೂ ಒಂದೆರಡು ದಶಕದಲ್ಲಿ ಪುಡಿಯಾಗಿರುತ್ತದೆ. ಕೋನಿನಲ್ಲಿ ಸಣ್ಣ ಸೀಳಿದ್ದರೆ ತೆಳು ಟಿಶ್ಯೂ ಕಾಗದಕ್ಕೆ ಮರದ ಬಿಳಿ ಅಂಟು ಸವರಿ ತೇಪೆ ಹಾಕಬಹುದು. ಹಾಗೆ ನೋಡಿದರೆ ಸೀಳು ಯಾವಾಗಲೂ ಶತ್ರುವಲ್ಲ. 1964ರಲ್ಲಿ ಇಂಗ್ಲೆಂಡಿನ ದಿ ಕಿಂಕ್ಸ್ ರಾಕ್ ತಂಡದ ಡೇವ್ ಡೇವಿಸ್ ತನ್ನ ಪುಟ್ಟ ಆಂಪಿನ ಕೋನನ್ನು ಬೇಕಂತಲೇ ಬ್ಲೇಡಿನಿಂದ ಸೀಳಿ ಒರಟು ದನಿ ಹುಟ್ಟಿಸಿದ್ದ. ನೀವು ಹಾಗೆ ಮಾಡಿ ಅಂತ ಹೇಳುತ್ತಿಲ್ಲ!

ಸ್ಪೀಕರ್ ಬದುಕಿದ್ದರೆ ಕ್ರಾಸೋವರನ್ನೂ (ತಗ್ಗು ಸ್ವರ, ಎತ್ತರದ ಸ್ವರಗಳನ್ನು ಬೇರೆ ಬೇರೆ ಸ್ಪೀಕರಿಗೆ ಹಂಚುವ ಬೋರ್ಡು) ಟ್ವೀಟರನ್ನೂ ಬಿಟ್ಟು ದೊಡ್ಡ ಸ್ಪೀಕರಿಗೆ ನೇರವಾಗಿ ಆಂಪ್ ಕೊಟ್ಟು ಕಡಿಮೆ ವಾಲ್ಯೂಮಿನಲ್ಲಿ ಬಾರಿಸಿ. ಈ ಪರೀಕ್ಷೆಗೆ ಟ್ರಾನ್ಸಿಸ್ಟರ್ ಆಂಪ್ ಇರಲಿ, ಸ್ಪೀಕರಿನ ಓಮ್ ಆಂಪ್ ಹಿಂದೆ ಬರೆದ ಕನಿಷ್ಠಕ್ಕಿಂತ ಕಡಿಮೆ ಇರದಿರಲಿ. ಪಿಎ ಬಾಕ್ಸಿನ ಹಾರ್ನ್ (ಎತ್ತರದ ಸ್ವರಗಳ ಕಹಳೆಯಾಕಾರದ ಭಾಗ) ಕಿತ್ತ ಮೇಲೆ ಉಳಿಯುವ 12 ಇಂಚಿನ ಸ್ಪೀಕರ್ ಕೊಂಚ ಮಂಕಾಗಿ ಕೇಳುತ್ತದೆ, ಆದರೆ ಜಾಝ್ ತರಹದ ಕ್ಲೀನ್ ನುಡಿಸುವವರಿಗೆ ಅದೇ ಇಷ್ಟವಾಗಲೂಬಹುದು. ಇಷ್ಟವಾದರೆ ಸ್ಪೀಕರ್ ಕೊಳ್ಳುವ ಖರ್ಚೇ ಇಲ್ಲ.

ಹಂತ 3: ಹೊಟ್ಟೆ ಖಾಲಿ ಮಾಡಿ

ಬಾಕ್ಸಿನೊಳಗೇ ಆಂಪ್ ಇದ್ದು ಗೋಡೆಯ ಪ್ಲಗ್ಗಿಗೆ ಹೋಗುವ ವೈರ್ ಇದ್ದರೆ ಎಚ್ಚರ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ವಾಲ್ವ್ ಸೆಟ್ಟುಗಳಲ್ಲಂತೂ ಅದು ಜೀವ ತೆಗೆಯುವಷ್ಟು. ಎಲೆಕ್ಟ್ರಾನಿಕ್ಸ್ ಗೊತ್ತಿರುವವರಿಂದ ತೆಗೆಸಿ.

ಆಂಪ್ ಇಲ್ಲದ ಬಾಕ್ಸುಗಳಲ್ಲಿ ಆ ಭಯವಿಲ್ಲ. ಸ್ಪೀಕರ್, ಟ್ವೀಟರ್, ಕ್ರಾಸೋವರ್ ಬೋರ್ಡು, ಹಳೇ ವೈರು ಎಲ್ಲವನ್ನೂ ತೆಗೆಯಿರಿ. ಕ್ರಾಸೋವರ್ ಗಿಟಾರಿಗೆ ಬೇಡವೇ ಬೇಡ. ಒಳಗೆ ಹಳದಿ ಅಥವಾ ಗುಲಾಬಿ ಬಣ್ಣದ ಗಾಜಿನ ಉಣ್ಣೆ ತುಂಬಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಮಾಸ್ಕ್, ಗ್ಲೌಸ್, ತುಂಬುತೋಳಿನ ಅಂಗಿ ಹಾಕಿಕೊಂಡು ನಿಧಾನಕ್ಕೆ ಎಳೆದು ಚೀಲಕ್ಕೆ ತುಂಬಿ ಕಟ್ಟಿ. ಗಿಟಾರ್ ಕ್ಯಾಬಿನೆಟ್ಟುಗಳಲ್ಲಿ ಸಾಮಾನ್ಯವಾಗಿ ಇಂಥ ತುಂಬಣಿಕೆ ಇರುವುದಿಲ್ಲ, ಇದ್ದರೂ ಬೆನ್ನಿನ ಹಲಗೆಗೆ ಒಂದು ಪದರ ಅಷ್ಟೇ.

ಹಂತ 4: ಪೆಟ್ಟಿಗೆ ಗಟ್ಟಿಯಾಗಲಿ

ಬೆರಳ ಗಂಟಿನಿಂದ ಎಲ್ಲ ಬದಿಯನ್ನೂ ಕುಟ್ಟುತ್ತಾ ಹೋಗಿ. ಟಕ್ ಅಂದರೆ ಸರಿ. ಜೊಳಜೊಳ ಅಂದರೆ ಅಲ್ಲಿ ಜೋಡಣೆ ಬಿಟ್ಟಿದೆ ಅಂತ ಅರ್ಥ. ಬಿರುಕಿಗೆ ಮರದ ಅಂಟು ತುಂಬಿ, ಕ್ಲ್ಯಾಂಪ್ ಹಾಕಿ ಒಂದು ರಾತ್ರಿ ಬಿಡಿ. ಒಳಮೂಲೆಗಳಿಗೆ ಒಂದಿಂಚು ದಪ್ಪದ ಮರದ ಪಟ್ಟಿ ಅಂಟಿಸಿ ಸ್ಕ್ರೂ ಹಾಕಿದರೆ ಇನ್ನೂ ಒಳ್ಳೆಯದು. ಪಾರ್ಟಿಕಲ್ ಬೋರ್ಡ್ ತಳ ಉಬ್ಬಿ ಪುಡಿಯಾಗಿದ್ದರೆ ಆ ಬದಿಯನ್ನು ಪೂರ್ತಿ ತೆಗೆದು ಪ್ಲೈವುಡ್ ಹಾಕಿ. ತೇಪೆ ಕೆಲಸ ಅಲ್ಲಿ ನಿಲ್ಲುವುದಿಲ್ಲ.

ಹಂತ 5: ಮುಂದಿನ ಹಲಗೆ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಇದಕ್ಕೇ. ಸ್ಪೀಕರ್ ಕೂರುವ ಈ ಹಲಗೆಗೆ ಬ್ಯಾಫಲ್ ಅನ್ನುತ್ತಾರೆ. ಹಳೆಯದರಲ್ಲಿ ಟ್ವೀಟರಿನ ತೂತು, ಗಾಳಿ ಕೊಳವೆಯ ತೂತು, ಸ್ಪೀಕರಿನ ತಪ್ಪು ಅಳತೆಯ ತೂತು ಅಂತ ಜರಡಿಯಾಗಿರುತ್ತದೆ. ಒಂದೊಂದನ್ನೇ ಮುಚ್ಚುವ ಬದಲು ಹೊಸ ಹಲಗೆ ಹಾಕುವುದೇ ನನಗೆ ಸರಿ ಅನ್ನಿಸುತ್ತದೆ. 18 ಮಿಲಿಮೀಟರ್ ಪ್ಲೈವುಡ್ ಒಳ್ಳೆಯದು, 12 ಇಂಚಿನ ಒಂದೇ ಸ್ಪೀಕರಿಗೆ 15 ಆದರೂ ನಡೆಯುತ್ತದೆ. ತೆಳ್ಳಗಾದಷ್ಟೂ ಹಲಗೆ ತಾನೂ ಸ್ವಲ್ಪ ಹಾಡುತ್ತದೆ. ಕೆಲವರು ಅದನ್ನೇ ಬಯಸುತ್ತಾರೆ.

12 ಇಂಚಿನ ಸ್ಪೀಕರಿಗೆ ಕೊರೆಯುವ ತೂತು 12 ಇಂಚಲ್ಲ! ಹೊರ ಅಂಚು ಸುಮಾರು 309 ಮಿಲಿಮೀಟರ್ ಇದ್ದರೆ ತೂತು ಸುಮಾರು 283, ಬೋಲ್ಟುಗಳು ಕೂರುವ ವೃತ್ತ 297. 10 ಇಂಚಿನದಕ್ಕೆ ತೂತು ಸುಮಾರು 232. ಕಂಪನಿಯಿಂದ ಕಂಪನಿಗೆ ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ, ಆದ್ದರಿಂದ ಸ್ಪೀಕರ್ ಕೈಗೆ ಬಂದು ಅಳತೆ ತೆಗೆದ ಮೇಲೆಯೇ ಕೊರೆಯಿರಿ. 8ನೇ ಹಂತ ಮುಗಿಸಿ ಇಲ್ಲಿಗೆ ವಾಪಸ್ ಬಂದರೂ ತಪ್ಪಿಲ್ಲ.

ದೊಡ್ಡ ಕೈವಾರ ಬೇಕಿಲ್ಲ. ಒಂದು ಸಪೂರ ಪಟ್ಟಿಗೆ 141.5 ಮಿಲಿಮೀಟರ್ ದೂರದಲ್ಲಿ ಎರಡು ತೂತು ಮಾಡಿ. ಒಂದರಲ್ಲಿ ಮೊಳೆ, ಇನ್ನೊಂದರಲ್ಲಿ ಪೆನ್ಸಿಲ್. ಸುತ್ತು ಹಾಕಿ, ಗೆರೆಯ ಒಳಬದಿಗೆ ಡ್ರಿಲ್ಲಿನಿಂದ ಒಂದು ತೂತು ಮಾಡಿ, ಅಲ್ಲಿಂದ ಜಿಗ್‌ಸಾ ಓಡಿಸಿ. ಗೆರೆಗೆ ತಾಗಿಸದೆ ಒಳಗೇ ಇರಿ, ಉಳಿದಿದ್ದನ್ನು ಮರಳು ಕಾಗದದಿಂದ ತಿಕ್ಕಬಹುದು. ತೂತನ್ನು ಸರೀ ನಡುವೆ ಇಡಲೇಬೇಕೆಂದಿಲ್ಲ, ಕೊಂಚ ಪಕ್ಕಕ್ಕಿದ್ದರೂ ಸದ್ದಿಗೆ ಏನೂ ಆಗುವುದಿಲ್ಲ.

ಬೋಲ್ಟ್ ತೂತುಗಳ ಹಿಂದೆ ಟಿ-ನಟ್ (ಹಲ್ಲುಗಳಿಂದ ಮರಕ್ಕೆ ಕಚ್ಚಿಕೊಳ್ಳುವ ನಟ್) ಹೊಡೆಯಿರಿ. ಸ್ಕ್ರೂ ಹಾಕಿದರೆ ಮುಂದೆ ಸ್ಪೀಕರ್ ಬದಲಿಸುವಾಗ ತೂತು ಸಡಿಲಾಗುತ್ತದೆ. ಗಿಟಾರ್ ನುಡಿಸುವವರು ಸ್ಪೀಕರ್ ಬದಲಿಸದೆ ಇರುತ್ತಾರಾ?

ಹಂತ 6: ಬೆನ್ನು ಮುಚ್ಚಬೇಕೋ, ತೆರೆದಿಡಬೇಕೋ?

ಕೋನ್ ಮುಂದೆ ತಳ್ಳಿದಾಗ ಹಿಂದಿನ ಗಾಳಿ ಎಳೆದುಕೊಳ್ಳುತ್ತದೆ. ಬೆನ್ನು ತೆರೆದಿದ್ದರೆ ಆ ಹಿಂದಿನ ಅಲೆ ಸುತ್ತಿಕೊಂಡು ಮುಂದೆ ಬಂದು ತಗ್ಗು ಸ್ವರಗಳನ್ನು ಒಂದಷ್ಟು ಕೊಂದುಹಾಕುತ್ತದೆ. ಬದಲಿಗೆ ಸದ್ದು ಕೋಣೆಯೆಲ್ಲ ಹರಡುತ್ತದೆ, ಹಗುರವಾಗಿ ಗಾಳಿಯಾಡಿದಂತೆ ಕೇಳುತ್ತದೆ. ಫೆಂಡರ್ ಕಂಪನಿಯ ಹೆಚ್ಚಿನ ಕಾಂಬೋಗಳು (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವವು), ವಾಕ್ಸ್ ಕಂಪನಿಯ ಎಸಿ30 ಹೀಗೇ ತೆರೆದ ಬೆನ್ನಿನವು. ಬೆನ್ನು ಮುಚ್ಚಿದರೆ ತಗ್ಗು ಸ್ವರ ಬಿಗಿಯಾಗಿ ಎದೆಗೆ ಬಂದು ಬಡಿಯುತ್ತದೆ. ಸದ್ದು ಮುಂದಕ್ಕೇ ನುಗ್ಗುತ್ತದೆ. 1960ರ ದಶಕದಿಂದ ಮಾರ್ಷಲ್‌ನ ನಾಲ್ಕು ಸ್ಪೀಕರಿನ ಕ್ಯಾಬಿನೆಟ್ಟುಗಳು ಪ್ರಸಿದ್ಧವಾಗಿದ್ದು ಈ ಗುದ್ದಿನಿಂದ.

ಸಣ್ಣ ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿದರೆ ಒಳಗಿನ ಗಾಳಿಯೇ ಸ್ಪ್ರಿಂಗ್ ಆಗಿ ಕೋನನ್ನು ತಡೆಯುತ್ತದೆ. ಸ್ಪೀಕರಿನ ಸಹಜ ಅನುರಣನ ಮೇಲಕ್ಕೇರಿ ದನಿ ಮೂಗಿನಲ್ಲಿ ಮಾತಾಡಿದಂತಾಗುತ್ತದೆ. 30 ಲೀಟರಿಗಿಂತ ಚಿಕ್ಕದರಲ್ಲಿ 12 ಇಂಚಿನದನ್ನು ಹಾಕುವುದಾದರೆ ಬೆನ್ನು ತೆರೆದೇ ಇಡಿ. ಲೀಟರ್ ಲೆಕ್ಕಕ್ಕೆ ಒಳಗಿನ ಉದ್ದ, ಅಗಲ, ಆಳವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 1,000ದಿಂದ ಭಾಗಿಸಿದರೆ ಆಯ್ತು.

ನನ್ನ ಸಲಹೆ: ಬೆನ್ನಿನ ಹಲಗೆಯನ್ನು ಮೂರು ಅಡ್ಡ ತುಂಡುಗಳಾಗಿ ಕೊಯ್ದು ಸ್ಕ್ರೂ ಹಾಕಿ. ನಡುವಿನ ತುಂಡು ತೆಗೆದರೆ ಅರೆತೆರೆದ ಬೆನ್ನು, ಹಾಕಿದರೆ ಮುಚ್ಚಿದ್ದು. ಒಂದೇ ಪೆಟ್ಟಿಗೆಯಲ್ಲಿ ಎರಡು ದನಿ. ಮುಚ್ಚಿದಾಗ ಗಾಳಿ ಸೋರದಂತೆ ಅಂಚಿಗೆ ತೆಳ್ಳನೆ ಫೋಮ್ ಟೇಪ್ ಅಂಟಿಸಿ. ಇಲ್ಲದಿದ್ದರೆ ಸಂದಿನಿಂದ ಪುಸುಪುಸು ಅನ್ನುತ್ತದೆ.

ಹಂತ 7: ಓಮ್ ಲೆಕ್ಕ

ವಾಲ್ವ್ ಆಂಪ್ ಇರುವವರು ಇದನ್ನು ಎರಡು ಸಲ ಓದಿ. ಸ್ಪೀಕರ್ ಸಿಕ್ಕಿಸದೆ ವಾಲ್ವ್ ಆಂಪ್ ಬಾರಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ವೋಲ್ಟೇಜ್ ಏರಿ ಅದು ಸುಟ್ಟುಹೋಗಬಹುದು. ಆಂಪ್ ಹಿಂದೆ 8 ಓಮ್ ಅಂತಿದ್ದರೆ ಕ್ಯಾಬಿನೆಟ್ಟೂ 8 ಓಮ್ ಇರಲಿ. ಟ್ರಾನ್ಸಿಸ್ಟರ್ ಆಂಪ್ ಇದರಲ್ಲಿ ಉದಾರಿ: ಬರೆದಿರುವ ಕನಿಷ್ಠ ಓಮಿಗಿಂತ ಕೆಳಗಿಳಿಯಬಾರದು, ಮೇಲೆ ಹೋದರೆ ಪವರ್ ಕಡಿಮೆಯಾಗುತ್ತದೆ ಅಷ್ಟೇ.

ಎರಡು 8 ಓಮ್ ಸ್ಪೀಕರುಗಳನ್ನು ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್) ಜೋಡಿಸಿದರೆ 4 ಓಮ್, ಸೀರೀಸ್ (ಒಂದರ ಮೈನಸ್ ಇನ್ನೊಂದರ ಪ್ಲಸ್ಸಿಗೆ) ಜೋಡಿಸಿದರೆ 16. ಎರಡು 16 ಓಮಿನವು ಪ್ಯಾರಲಲ್‌ನಲ್ಲಿ 8. ನಾಲ್ಕು ಇದ್ದರೆ ಎರಡೆರಡನ್ನು ಸೀರೀಸ್ ಮಾಡಿ, ಆ ಎರಡು ಜೋಡಿಯನ್ನು ಪ್ಯಾರಲಲ್ ಮಾಡಿದರೆ ಮತ್ತೆ ಒಂದರ ಓಮೇ ಬರುತ್ತದೆ. ಬೇರೆ ಬೇರೆ ಓಮಿನವನ್ನು ಬೆರೆಸಬೇಡಿ. ಪವರ್ ಸಮವಾಗಿ ಹಂಚಿಕೆಯಾಗುವುದಿಲ್ಲ.

ಹಂತ 8: ಸ್ಪೀಕರ್ ಆರಿಸಿ

ಸ್ಪೀಕರಿನ ವ್ಯಾಟ್ ಆಂಪಿಗಿಂತ ಜಾಸ್ತಿ ಇರಲಿ. ಒಂದೇ ಸ್ಪೀಕರ್ ಆದರೆ ಎರಡು ಪಟ್ಟು ಇದ್ದರೆ ನೆಮ್ಮದಿ, ಯಾಕಂದರೆ ವಾಲ್ಯೂಮ್ ಪೂರ್ತಿ ತಿರುಗಿಸಿ ಒಡೆದ ಸದ್ದು ತೆಗೆಯುವಾಗ ಆಂಪ್ ತನ್ನ ಮೇಲೆ ಬರೆದಿದ್ದಕ್ಕಿಂತ ಹೆಚ್ಚು ಕೊಡುತ್ತದೆ. ಸೆಲೆಸ್ಟಿಯನ್‌ನ ಗ್ರೀನ್‌ಬ್ಯಾಕ್ 25 ವ್ಯಾಟ್, 98 ಡೆಸಿಬಲ್. ಅದೇ ಕಂಪನಿಯ ವಿಂಟೇಜ್ 30ರ ಹೆಸರು ನೋಡಿ 30 ವ್ಯಾಟ್ ಅಂದುಕೊಳ್ಳಬೇಡಿ, ಅದು 60 ವ್ಯಾಟ್, 100 ಡೆಸಿಬಲ್. ಮನೆಯಲ್ಲಿ ಮಾತ್ರ ನುಡಿಸುವವರಿಗೆ ಸೆನ್ಸಿಟಿವಿಟಿ ಕಡಿಮೆ ಇರುವುದೇ ಅನುಕೂಲ. ಅದೇ ವಾಲ್ಯೂಮಿಗೆ ಸದ್ದು ತಗ್ಗುತ್ತದೆ, ಆಂಪನ್ನು ಇನ್ನಷ್ಟು ತಿರುಗಿಸಬಹುದು.

ಹಂತ 9: ವೈರಿಂಗ್

ಇಲ್ಲಿ ಬಹಳ ಜನ ಮಾಡುವ ತಪ್ಪು ಆಂಪಿನಿಂದ ಕ್ಯಾಬಿನೆಟ್ಟಿಗೆ ಗಿಟಾರ್ ಕೇಬಲ್ ಹಾಕುವುದು. ಪ್ಲಗ್ ಒಂದೇ ತರಹ ಇರುತ್ತದೆ, ಒಳಗೆ ಬೇರೆ. ಗಿಟಾರ್ ಕೇಬಲ್‌ನ ನಡುವಿನ ತಂತಿ ಕೂದಲಿನಂತೆ ಸಪೂರ, ಅದಕ್ಕೆ ಸ್ಪೀಕರಿನ ಕರೆಂಟ್ ಹೊರುವ ಶಕ್ತಿಯಿಲ್ಲ. ಬಿಸಿಯಾಗುತ್ತದೆ, ಒಳಗೇ ಶಾರ್ಟ್ ಆದರೆ ಆಂಪಿಗೂ ಪೆಟ್ಟು. ಸ್ಪೀಕರ್ ಕೇಬಲ್‌ನಲ್ಲಿ ಒಂದೇ ದಪ್ಪದ ಎರಡು ತಂತಿ ಇರುತ್ತವೆ. 1.5 ಚದರ ಮಿಲಿಮೀಟರ್ ಇದ್ದರೆ ಕೆಲವು ಮೀಟರ್ ಉದ್ದಕ್ಕೆ ಧಾರಾಳ.

ಬೆನ್ನಿಗೋ ಪಕ್ಕಕ್ಕೋ 6.35 ಮಿಲಿಮೀಟರಿನ ಮೋನೋ ಜ್ಯಾಕ್ ಕೂರಿಸಿ. ಪ್ಲಗ್ಗಿನ ತುದಿ ಮುಟ್ಟುವ ಕಾಲು ಸ್ಪೀಕರಿನ ಪ್ಲಸ್ಸಿಗೆ, ಇನ್ನೊಂದು ಮೈನಸ್ಸಿಗೆ. ಜ್ಯಾಕ್ ಕಡೆ ಬೆಸುಗೆ ಹಾಕಿ, ಸ್ಪೀಕರ್ ಕಡೆ ಚಪ್ಪಟೆ ಪುಶ್-ಆನ್ ಟರ್ಮಿನಲ್ ಬಳಸಿ. ಬದಲಿಸುವುದು ಸುಲಭ.

ಹಳೇ ಸ್ಪೀಕರಿನಲ್ಲಿ ಪ್ಲಸ್ ಗುರುತು ಅಳಿಸಿದ್ದರೆ 1.5 ವೋಲ್ಟ್ ಸೆಲ್ ಅನ್ನು ಒಂದು ಕ್ಷಣ ಮುಟ್ಟಿಸಿ. ಕೋನ್ ಹೊರಗೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ ಕಡೆಯೇ ಪ್ಲಸ್. ಒಂದೇ ಸ್ಪೀಕರ್ ಇದ್ದರೆ ಇದು ತಿರುಗುಮುರುಗಾದರೂ ನಿಮಗೆ ಗೊತ್ತೇ ಆಗುವುದಿಲ್ಲ. ಎರಡಿದ್ದಾಗ ಮಾತ್ರ ಎರಡೂ ಒಟ್ಟಿಗೆ ಹೊರಗೆ ಬರಬೇಕು. ಒಂದು ಹೊರಗೆ ಒಂದು ಒಳಗೆ ಆದರೆ ತಗ್ಗು ಸ್ವರವೆಲ್ಲ ಮಾಯ.

ಹಂತ 10: ಸ್ಪೀಕರ್ ಕೂರಿಸಿ

ಪೆಟ್ಟಿಗೆಯನ್ನು ಮಲಗಿಸಿ ಕೆಲಸ ಮಾಡಿ. ನನ್ನ ಮೊದಲ ಕ್ಯಾಬಿನೆಟ್ಟಿನಲ್ಲಿ ಕೊನೆಯ ಬೋಲ್ಟ್ ಬಿಗಿ ಮಾಡುವಾಗ ಸ್ಪೀಕರಿನ ಅಯಸ್ಕಾಂತ ಸ್ಕ್ರೂ ಡ್ರೈವರನ್ನು ಕೈಯಿಂದ ಸೆಳೆದುಕೊಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸ ಕೋನಿನಲ್ಲಿ ಬೆರಳುದ್ದ ಸೀಳು. ಅದಾದ ಮೇಲೆ ದಪ್ಪ ರಟ್ಟಿನ ತುಂಡನ್ನು ಕೋನಿನ ಮೇಲೆ ಮುಚ್ಚದೆ ನಾನು ಸ್ಪೀಕರ್ ಹತ್ತಿರ ಕಬ್ಬಿಣ ತರುವುದಿಲ್ಲ. ಬ್ಯಾಟರಿ ಡ್ರಿಲ್ ಕೂಡ ಬೇಡ, ಕೈಯಲ್ಲೇ ತಿರುಗಿಸಿ. ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡುತ್ತಾ ಬನ್ನಿ. ಅತಿಯಾಗಿ ಬಿಗಿದರೆ ಸ್ಪೀಕರಿನ ಚೌಕಟ್ಟು ಬಾಗಿ ಕಾಯಿಲ್ ಉಜ್ಜತೊಡಗುತ್ತದೆ.

ಮುಂದಿನ ಬಟ್ಟೆಗೆ ನೇಯ್ಗೆ ಸಡಿಲ ಇರುವುದನ್ನು ಆರಿಸಿ. ಬಾಯಿಂದ ಊದಿದರೆ ಆಚೆ ಕೈಗೆ ಗಾಳಿ ತಾಗಬೇಕು. ಚೌಕಟ್ಟಿಗೆ ಎಳೆದು ಸ್ಟೇಪ್ಲರ್ ಹೊಡೆಯಿರಿ. ಕೆಳಗೆ ನಾಲ್ಕು ರಬ್ಬರ್ ಕಾಲು, ಮೇಲೊಂದು ಹಿಡಿ. ಬಣ್ಣವೋ ರೆಕ್ಸಿನ್ನೋ ನಿಮ್ಮಿಷ್ಟ.

ಹಂತ 11: ಮೊದಲ ಸದ್ದು, ಆಮೇಲೆ ಗಡಗಡ ಬೇಟೆ

ಕಡಿಮೆ ವಾಲ್ಯೂಮಿನಿಂದ ಶುರು ಮಾಡಿ. ಚೆನ್ನಾಗಿ ಕೇಳಿದರೂ ಖುಷಿಪಟ್ಟು ನಿಲ್ಲಿಸಬೇಡಿ. ದಪ್ಪ ತಂತಿಯ ಒಂದೊಂದೇ ಫ್ರೆಟ್ಟನ್ನು ಮೀಟುತ್ತಾ ಮೇಲೆ ಹೋಗಿ. ಯಾವುದೋ ಒಂದು ಸ್ವರಕ್ಕೆ ಮಾತ್ರ ಎಲ್ಲೋ ಜಿರ್ ಅನ್ನುತ್ತದೆ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಇದ್ದರೆ 70ರಿಂದ 500 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರಿಸಿದರೂ ಸರಿ. ಸದ್ದು ಬಂದ ಸ್ವರವನ್ನು ಹಿಡಿದಿಟ್ಟು, ಇನ್ನೊಬ್ಬರು ಪೆಟ್ಟಿಗೆಯ ಮೇಲೆಲ್ಲ ಕೈ ಒತ್ತುತ್ತಾ ಬರಲಿ. ಎಲ್ಲಿ ಒತ್ತಿದಾಗ ನಿಲ್ಲುತ್ತದೋ ಕಳ್ಳ ಅಲ್ಲಿದ್ದಾನೆ. ಹೆಚ್ಚಾಗಿ ಜ್ಯಾಕಿನ ನಟ್, ಹಿಡಿಯ ಸ್ಕ್ರೂ, ಒಳಗೆ ಹಲಗೆಗೆ ಬಡಿಯುವ ವೈರು, ಬೆನ್ನಿನ ಹಲಗೆ. ಎಲ್ಲೂ ಸಿಗದಿದ್ದರೆ ಆಂಪಿನ ಮೇಲಿಟ್ಟ ಚಾವಿಗೊಂಚಲನ್ನು ನೋಡಿ, ನಾನು ಒಂದು ಸಂಜೆ ಪೂರ್ತಿ ಹುಡುಕಿದ್ದು ಅದನ್ನೇ.

ದನಿ ತುಂಬ ಚೂಪು ಅನ್ನಿಸಿದರೆ ಟೋನ್ ಮುಟ್ಟುವ ಮೊದಲು ನಿಂತ ಜಾಗ ಬದಲಿಸಿ. ಎತ್ತರದ ಸ್ವರಗಳು ಸ್ಪೀಕರಿನ ನಡುವಿನಿಂದ ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತವೆ. ನೆಲದ ಮೇಲಿಟ್ಟು ಪಕ್ಕದಲ್ಲಿ ನಿಂತರೆ ನಿಮ್ಮ ಮೊಣಕಾಲಿಗೆ ಚೂಪು, ಕಿವಿಗೆ ಮಂಕು. ಮಂಕು ಅನ್ನಿಸಿದರೆ ಕುರ್ಚಿಯ ಮೇಲಿಟ್ಟೋ ಹಿಂದಕ್ಕೆ ವಾಲಿಸಿಯೋ ನೋಡಿ. ಗೋಡೆಯ ಮೂಲೆಗೆ ತಳ್ಳಿದರೆ ತಗ್ಗು ಸ್ವರ ಉಬ್ಬುತ್ತದೆ. ತೆರೆದ ಬೆನ್ನಿನದಾದರೆ ಗೋಡೆಯಿಂದ ಒಂದೆರಡು ಅಡಿ ಮುಂದೆ ಎಳೆಯಿರಿ. ಹೊಸ ಸ್ಪೀಕರ್ ಮೊದಲ ಕೆಲವು ಗಂಟೆ ಬಿಗಿಯಾಗಿರುತ್ತದೆ, ಆಮೇಲೆ ಸ್ವಲ್ಪ ಸಡಿಲಾಗುತ್ತದೆ. ಒಂದು ವಾರ ನುಡಿಸಿದ ಮೇಲೆ ಬೋಲ್ಟುಗಳನ್ನು ಇನ್ನೊಮ್ಮೆ ತಿರುಗಿಸಿ ನೋಡಿ, ಒಂದಾದರೂ ಸಡಿಲಾಗಿರುತ್ತದೆ. ರಟ್ಟು ಮುಚ್ಚುವುದನ್ನು ಮರೆಯಬೇಡಿ.